ಮುಖ ತಿರುಗಿಸಿದವರ ದೊಡ್ಡಮ್ಮ

ಸಭೆಯಲ್ಲಿ ಸೇರಿರುವ ಹಿರಿಯರಿಗೆ, ನಮ್ಮ ಆಸ್ಪತ್ರೆಯ ವೈದ್ಯರಿಗೆ, ನರ್ಸ್‌ಗಳಿಗೆ, ವಾರ್ಡಿನ ಸಿಬ್ಬಂದಿಗೆ, ರಜೆ ಹಾಕಿ ಬಂದವರಿಗೆ, ಹೇಳದೆ ಕೇಳದೆ ಕೆಲಸ ತಪ್ಪಿಸಿ ಬಂದವರಿಗೆ — ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿರುವ ಮೇಷ್ಟ್ರಿಗೆ, ಅವರ ಮಗಳಿಗೆ, ಮನೆಯವರೆಲ್ಲರಿಗೂ ನಮ್ಮ ಮನೋವೈದ್ಯ ವಿಭಾಗದ ಪರವಾಗಿ ಕೈ ಮುಗಿಯುತ್ತೇನೆ.

ಅತ್ತುಬಿಡುತ್ತೇನೇನೋ ಎಂದು ದೊಡ್ಡದೊಂದು ಕರವಸ್ತ್ರ ಹಿಡಿದುಕೊಂಡು ಬಂದೆ. ಬಾಗಿಲಲ್ಲೇ ಮೇಷ್ಟ್ರು ನೋಡಿಬಿಟ್ಟರು. “ಅದನ್ನ ಒಳಗಿಡಮ್ಮ. ನೀನು ಅತ್ರೆ ನಾನೂ ಅಳಬೇಕಾಗುತ್ತೆ. ನಗಿಸೋ ಹಾಗಿದ್ರೆ ಮಾತಾಡು, ಇಲ್ಲಾಂದ್ರೆ ನಾನು ಎದ್ದು ಹೋಗ್ತೀನಿ,” ಎಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ — ಮೇಷ್ಟ್ರು ಎಂದರೆ ಇಂದು ನಾವು ನೆನೆಯುತ್ತಿರುವ ನಮ್ಮ ವಿಭಾಗದ ಮುಖ್ಯಸ್ಥೆಯ ಯಜಮಾನರು. ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದವರು. ಹೇಳಿದ ಮಾತು ಕೇಳದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು. ನಾನು ಆಗಲೇ ವೇದಿಕೆಯ ಮೇಲೆ ನಿಂತಿದ್ದೇನೆ, ಇನ್ನೂ ಎತ್ತರಕ್ಕೆ ಹೋಗಲಾರೆ. ಕರವಸ್ತ್ರ ಒಳಗಿದೆ, ಸರ್.

ಆಕೆಯನ್ನು ನಾವೆಲ್ಲ ಕರೆಯುತ್ತಿದ್ದದ್ದು ದೊಡ್ಡಮ್ಮ ಎಂದು. ಮೊದಮೊದಲು “ದೊಡ್ಡ ಮೇಡಂ” ಇದ್ದದ್ದು ಯಾವಾಗ ದೊಡ್ಡಮ್ಮ ಆಯಿತೋ ಯಾರಿಗೂ ನೆನಪಿಲ್ಲ. ಅವರಿಗಿಂತ ವಯಸ್ಸಿನಲ್ಲಿ ಹಿರಿಯರಾದ ನಮ್ಮ ವಾರ್ಡಿನ ಅಟೆಂಡರ್ ಅಣ್ಣ ಕೂಡ ಹಾಗೇ ಕರೆಯುತ್ತಿದ್ದರು. ಒಂದು ಸಲ ದೊಡ್ಡಮ್ಮ ಕೇಳಿಯೇ ಬಿಟ್ಟರು: “ಏನಪ್ಪಾ, ನಿನ್ನ ತಲೇಲಿ ಒಂದು ಕಪ್ಪು ಕೂದಲಿಲ್ಲ, ನಾನು ನಿನಗೆ ದೊಡ್ಡಮ್ಮನಾ?” ಅಣ್ಣ ತಣ್ಣಗೆ ಹೇಳಿದರು — “ಬೈಯೋದ್ರಲ್ಲಿ ದೊಡ್ಡಮ್ಮನೇ.”

ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಮಾತು ದಾಟುತ್ತಿರಲಿಲ್ಲ, ನಗು ದಾಟುತ್ತಿತ್ತು. ಆ ನಗುವನ್ನು ನೀವೆಲ್ಲ ಕೇಳಿದ್ದೀರಿ — ಕೆಮ್ಮಿನ ಹಾಗೆ ಶುರುವಾಗಿ, ಮೇಜು ಕುಟ್ಟುವುದರಲ್ಲಿ ಮುಗಿಯುತ್ತಿತ್ತು. ನನ್ನ ಎದುರು ಕುಳಿತು ಕಣ್ಣೀರು ಹಾಕುತ್ತಿದ್ದವರು ಅದನ್ನು ಕೇಳಿ ತಲೆ ಎತ್ತುತ್ತಿದ್ದರು. “ಡಾಕ್ಟ್ರೇ, ಆ ಕಡೆ ಏನು ನಡೀತಿದೆ? ನನಗೂ ಅಲ್ಲಿಗೇ ಚೀಟಿ ಬರ್ಕೊಡಿ.” ಹೊಸದಾಗಿ ಕೆಲಸಕ್ಕೆ ಸೇರಿದ ವೈದ್ಯೆಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಈಗ ನಮ್ಮ ಕೆಲಸದ ಒಂದು ಕಷ್ಟ ಹೇಳಬೇಕು. ಉಳಿದ ವಿಭಾಗದವರು ದಯವಿಟ್ಟು ಬೇಸರ ಮಾಡಿಕೊಳ್ಳಬಾರದು. ನಮ್ಮ ಹೃದಯದ ಡಾಕ್ಟರರ ಕೋಣೆಗೆ ಹೋಗಿ ನೋಡಿ. ಗೋಡೆ ತುಂಬ ಫೋಟೋ — ವಾಸಿಯಾದವರು, ಅವರ ಮಕ್ಕಳು, ಮೊಮ್ಮಕ್ಕಳು. ಮೂಳೆ ಡಾಕ್ಟರರ ಹತ್ತಿರ ಜನ ಕುಂಟುತ್ತಾ ಬಂದು, ಕೆಲವು ತಿಂಗಳಾದ ಮೇಲೆ ಕಾರಿಡಾರಿನಲ್ಲಿ ಓಡಿ ತೋರಿಸಿ ಹೋಗುತ್ತಾರೆ. ಹೆರಿಗೆ ವಿಭಾಗವನ್ನಂತೂ ಕೇಳಲೇ ಬೇಡಿ, ಅಲ್ಲಿನ ಸಿಹಿ ತಿಂದೇ ನಮ್ಮ ಆಸ್ಪತ್ರೆಯ ಅರ್ಧ ಜನಕ್ಕೆ ಸಕ್ಕರೆ ಕಾಯಿಲೆ ಬಂದಿದೆ. ನಮ್ಮ ವಿಭಾಗಕ್ಕೆ ಬನ್ನಿ — ಗೋಡೆಯ ಮೇಲೆ ಒಂದು ಗಡಿಯಾರ.

ಯಾಕೆ? ವಾಸಿಯಾದವರು ನಮ್ಮ ಹತ್ತಿರ ಮತ್ತೆ ಬರುವುದಿಲ್ಲ. ಮತ್ತೆ ಬರುವವರು ಯಾರು ಎಂದರೆ, ವಾಸಿಯಾಗದವರು. ಹೀಗಾಗಿ ಬೆಳಗಿನಿಂದ ಸಂಜೆಯವರೆಗೆ ನಮ್ಮ ಕಣ್ಣಿಗೆ ಬೀಳುವುದು ಇನ್ನೂ ನೋವಿನಲ್ಲಿರುವವರು ಮಾತ್ರ. ಒಂದೆರಡು ವರ್ಷ ಹೀಗೆ ಕುಳಿತರೆ ಎಂಥವರಿಗೂ ಅನ್ನಿಸುತ್ತದೆ — ಯಾರೂ ವಾಸಿಯಾಗುವುದೇ ಇಲ್ಲ, ನಾನು ಮಾಡುತ್ತಿರುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವ ಕೆಲಸ.

ನನಗೂ ಹಾಗೇ ಅನ್ನಿಸಿತು. ಊಟ ಸೇರುತ್ತಿರಲಿಲ್ಲ. ಮನೆಯಲ್ಲಿ ಅಮ್ಮ ಏನಾದರೂ ಕೇಳಿದರೆ ಸಿಡುಕುತ್ತಿದ್ದೆ. ದಿನವಿಡೀ ಪರರ ಮಾತಿಗೆ ಕಿವಿ ಕೊಟ್ಟವಳಿಗೆ ಮನೆಯವರ ಮಾತು ಬೇಡವಾಗಿತ್ತು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಒಂದು ಜಾಗ ಖಾಲಿ ಇತ್ತು. ಅಲ್ಲಿಗೆ ಹೋಗಿಬಿಡುವುದೆಂದು ತೀರ್ಮಾನ ಮಾಡಿ ದೊಡ್ಡಮ್ಮನ ಎದುರು ನಿಂತೆ.

“ಲ್ಯಾಬಿಗಾ? ಅಲ್ಲೇನಿದೆ?”

“ರಕ್ತ ಇದೆ ಮೇಡಂ. ಅದು ಮಾತಾಡಲ್ಲ.”

ಅವರು ಬೈಯಲಿಲ್ಲ. ಬುದ್ಧಿ ಹೇಳಲಿಲ್ಲ. ಎದ್ದು ಬೀರುವಿನಿಂದ ಎರಡು ಬಟ್ಟೆ ಚೀಲ ತೆಗೆದು, ಒಂದನ್ನು ನನ್ನ ಕೈಗೆ ತುರುಕಿದರು. “ಹೋಗುವಂತೆ. ಒಳ್ಳೆ ಕೆಲಸ ಅದು. ಈಗ ಮಾರ್ಕೆಟ್ಟಿಗೆ ಬಾ, ತರಕಾರಿ ತರೋಣ.”

ನನಗೆ ಸಿಟ್ಟು ಬಂತು. ನಾನು ಬದುಕಿನ ಪ್ರಶ್ನೆ ತಂದರೆ ಈಕೆ ಈರುಳ್ಳಿ ತರುತ್ತಾರಂತೆ! ಆದರೂ ಹೋದೆ. ದಾರಿಯಲ್ಲಿ ಅವರು ಹೇಳಿದ್ದು ಒಂದೇ ನಿಯಮ: “ಯಾರಾದ್ರೂ ಗುರುತಿನವರು ಕಂಡ್ರೆ ನೀನಾಗಿ ನಗಬೇಡ, ಮಾತಾಡಿಸಬೇಡ. ಅವರು ನೋಡಿದ್ರೆ ನೀನು ನೋಡು. ಅವರು ನೋಡದಿದ್ರೆ ನೀನು ಬದನೆಕಾಯಿ ನೋಡು.”

ಮಾರ್ಕೆಟ್ ರಸ್ತೆ ಹೇಗಿರುತ್ತದೆ ಗೊತ್ತಲ್ಲ — ಇಕ್ಕಟ್ಟು, ತಳ್ಳುಗಾಡಿ, ಒಬ್ಬರ ಚೀಲ ಇನ್ನೊಬ್ಬರ ಮೊಣಕಾಲಿಗೆ. ನಾವು ಒಳಗೆ ಕಾಲಿಟ್ಟೆವೋ ಇಲ್ಲವೋ, ತಕ್ಕಡಿ ಹಿಡಿದಿದ್ದ ಒಬ್ಬ ಗಟ್ಟಿ ಆಳು ನಮ್ಮನ್ನು ನೋಡಿದ. ನೋಡಿದವನೇ ಬಗ್ಗಿ ಈರುಳ್ಳಿ ಎಣಿಸಲು ಶುರುಮಾಡಿದ. ಸ್ವಾಮಿ, ಈರುಳ್ಳಿಯನ್ನು ತೂಗುತ್ತಾರೆ, ಯಾರಾದರೂ ಎಣಿಸುತ್ತಾರೆಯೇ? ದೊಡ್ಡಮ್ಮ ನನ್ನ ತೋಳು ಚಿವುಟಿದರು. ಇನ್ನೂ ಸ್ವಲ್ಪ ಮುಂದೆ, ಎದುರಿಗೆ ಬರುತ್ತಿದ್ದ ಹೆಂಗಸೊಬ್ಬಳು ಪಟ್ಟನೆ ಕೊಡೆ ಬಿಚ್ಚಿ ಮುಖಕ್ಕೆ ಅಡ್ಡ ಹಿಡಿದಳು. ಬಿಸಿಲಿಲ್ಲ, ಮಳೆಯಿಲ್ಲ. ಕೊಡೆ ಹಿಡಿದುಕೊಂಡೇ ಬಾಳೆಹಣ್ಣಿನ ಗಾಡಿಗೆ ಹೋಗಿ ಡಿಕ್ಕಿ ಹೊಡೆದಳು. ಮತ್ತೆ ಚಿವುಟು. ನನ್ನ ತೋಳು ಕೆಂಪಾಯಿತು. ದೊಡ್ಡಮ್ಮನ ಮುಖ ಅದಕ್ಕಿಂತ ಕೆಂಪಾಗಿ ಅರಳಿತ್ತು.

“ಎಲ್ಲ ನಮ್ಮಲ್ಲಿ ವಾಸಿಯಾಗಿ ಹೋದವರೇ ಕಣೇ! ತಕ್ಕಡಿ ಹಿಡಿದಿದ್ದಾನೆ ನೋಡು, ಕೈ ನಡುಗ್ತಿಲ್ಲ. ಅವಳು ಒಬ್ಬಳೇ ಹೊರಗೆ ಬಂದಿದ್ದಾಳೆ, ನೋಡಿದ್ಯಾ?”

“ನೀವೇ ನೋಡಬೇಡ ಅಂದ್ರಿ.”

“ನೋಡದ ಹಾಗೆ ನೋಡೋದನ್ನ ಕಲಿ. ಇಷ್ಟು ಓದಿದ್ದೀಯಲ್ಲ!”

ಒಂದು ಮಾತು. ಈ ಗುರುತುಗಳನ್ನೆಲ್ಲ ನಾನು ಬದಲಿಸಿ ಹೇಳುತ್ತಿದ್ದೇನೆ. ಈರುಳ್ಳಿ ಇರಲಿಕ್ಕಿಲ್ಲ, ಆಲೂಗಡ್ಡೆ ಇರಬಹುದು. ಹೆಂಗಸು ಗಂಡಸಾಗಿರಬಹುದು. ಕೊಡೆಯೊಂದು ಮಾತ್ರ ನಿಜ, ಅದನ್ನು ಬಿಡಲು ಮನಸ್ಸು ಬರಲಿಲ್ಲ.

ಅಷ್ಟರಲ್ಲಿ ಟೊಮೆಟೊ ಗಾಡಿಯ ಹತ್ತಿರ ದೊಡ್ಡ ಗಲಾಟೆ. ಒಬ್ಬಾಕೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಗಾಡಿಯವನನ್ನು ತರಾಟೆಗೆ ತೆಗೆದುಕೊಂಡಿದ್ದಾಳೆ. “ಮೇಲೆಲ್ಲ ಚೆನ್ನಾಗಿರೋದು, ಕೆಳಗೆಲ್ಲ ಕೊಳೆತಿರೋದು! ಯಾರ ಕಿವಿಗೆ ಹೂವಿಡ್ತೀಯೋ? ನಿನ್ನ ಮನೆಗೆ ಇದನ್ನೇ ತಗೊಂಡು ಹೋಗ್ತೀಯಾ, ಹೇಳು!” — ನಾನು ಅಲ್ಲೇ ನಿಂತುಬಿಟ್ಟೆ. ಆಕೆ ನನ್ನ ಹತ್ತಿರ ಬರುತ್ತಿದ್ದವಳು. ತಿಂಗಳುಗಟ್ಟಲೆ ನನ್ನೆದುರು ಕುಳಿತು, ಗಂಟಲಿನಿಂದ ದನಿಯೇ ಹೊರಡದೆ, ಕೇಳಿದ್ದಕ್ಕೆಲ್ಲ ತಲೆ ಆಡಿಸಿ ಹೋಗುತ್ತಿದ್ದವಳು. ಒಂದು ದಿನ ಬರುವುದನ್ನು ನಿಲ್ಲಿಸಿದಳು. ನಾನು ಸೋತೆ ಎಂದುಕೊಂಡಿದ್ದೆ. ಆಕೆಗೆ ಏನಾಯಿತೋ ಎಂದು ಎದೆಯಲ್ಲಿ ಒಂದು ಕಲ್ಲು ಕೂತಿತ್ತು.

ಈಗ ನೋಡಿದರೆ — ಆ ದನಿ! ಆ ಬೈಗುಳ! ರಸ್ತೆಯ ಆ ತುದಿಗೂ ಕೇಳಿಸುತ್ತಿತ್ತು. ಗಾಡಿಯವನು ಬೆವರುತ್ತಿದ್ದ. ಪಾಪ, ಅವನಿಗೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ. ಆಕೆ ತಿರುಗಿದಳು, ನನ್ನನ್ನು ಕಂಡಳು. ಒಂದೇ ಕ್ಷಣ. ಆಮೇಲೆ ಮುಖ ಅತ್ತ ತಿರುಗಿಸಿ, “ಏನು ನೋಡ್ತಿದ್ದೀಯಾ, ಬೇರೆ ಹಾಕು!” ಎಂದು ಅವನಿಗೆ ಇನ್ನೂ ಜೋರಾಗಿ ಹೇಳಿದಳು.

ನನ್ನ ಮುಖ ನೋಡಿ ದೊಡ್ಡಮ್ಮನಿಗೆ ತಿಳಿಯಿತು. “ತಿರುಗಿಸಿಬಿಟ್ರಾ ಮುಖ? ಸಂತೋಷ. ನಡಿ, ಇವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡು.” ಮಾಡಿದೆ. ಅಮ್ಮನ ಜೊತೆ ಮಾತೂ ಆಡಿದೆ. ಲ್ಯಾಬಿನ ರಕ್ತ ಇವತ್ತಿಗೂ ನನ್ನನ್ನು ಕಾಯುತ್ತಾ ಇರಬೇಕು.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ವಾರಕ್ಕೊಂದು ಮಧ್ಯಾಹ್ನ ನಮ್ಮ ವಿಭಾಗದ ವೈದ್ಯರೆಲ್ಲ ಚೀಲ ಹಿಡಿದು ಮಾರ್ಕೆಟ್ಟಿಗೆ. ಹೃದಯದ ಡಾಕ್ಟರರು ನನ್ನನ್ನು ತಡೆದು ನಿಲ್ಲಿಸಿ, “ನಿಮ್ಮ ಕಡೆಯವರೆಲ್ಲ ಯಾಕ್ರೀ ಇಷ್ಟೊಂದು ತರಕಾರಿ ತಿಂತೀರಿ?” ಎಂದು ಗಂಭೀರವಾಗಿ ಕೇಳಿದ್ದರು. ಆಗ ನಿಮಗೆ ಉತ್ತರ ಹೇಳಲಿಲ್ಲ ಸರ್, ಈಗ ಹೇಳಿದೆ.

ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಇಲ್ಲೇ ಇದ್ದಾರೆ. ಅವರಿಗೆ ಇದು ಹಿಡಿಸಲಿಲ್ಲ. ಓಪಿಡಿಯಲ್ಲಿ ಜನ ಸಾಲು ನಿಂತಿರುವಾಗ ಡಾಕ್ಟರುಗಳು ಬೆಂಡೆಕಾಯಿ ಮುರಿದು ನೋಡುತ್ತಾ ನಿಂತರೆ ಯಾರಿಗೆ ಹಿಡಿಸುತ್ತದೆ? ಕರೆಸಿ ಕೇಳಿದರು. ದೊಡ್ಡಮ್ಮ ಹೇಳಿದ್ದು ನನಗೆ ಬಾಯಿಪಾಠ: “ಸಾರ್, ಸರ್ಜನ್‌ಗಳು ಒಂದು ಆಪರೇಷನ್ ಆದ್ಮೇಲೆ ಕತ್ತರಿ ತೊಳೆದು ಕುದಿಸ್ತಾರೆ. ಅದಕ್ಕೆ ಟೈಮ್ ಕೊಡ್ತೀರಿ. ನಮ್ಮಲ್ಲಿ ಕತ್ತರಿ ಇಲ್ಲ. ಡಾಕ್ಟರೇ ಕತ್ತರಿ. ಅವರನ್ನ ತೊಳೆಯೋಕೆ ನನಗೆ ಒಂದು ಮಧ್ಯಾಹ್ನ ಬೇಕು.” ಸಾಹೇಬರು, “ಬರುವಾಗ ನನಗೂ ಸ್ವಲ್ಪ ಸೊಪ್ಪು ತನ್ನಿ,” ಎಂದರು. ಅವತ್ತಿನಿಂದ ತಂದುಕೊಟ್ಟಿದ್ದೇವೆ. ಆ ಸೊಪ್ಪಿಗಾದರೂ ಆ ಮಧ್ಯಾಹ್ನವನ್ನು ಮುಂದೆಯೂ ನಮಗೆ ಬಿಡಬೇಕು ಎಂದು ಎಲ್ಲರ ಎದುರು ಕೇಳಿಕೊಳ್ಳುತ್ತೇನೆ. — ತಲೆ ಆಡಿಸಿದರು. ನೀವೆಲ್ಲ ಸಾಕ್ಷಿ.

ಎಡವಟ್ಟೂ ಆಗಿದೆ. ಮಾರ್ಕೆಟ್ಟಿನ ಮೂಲೆಯ ಪಾತ್ರೆ ಅಂಗಡಿಯ ಹತ್ತಿರ ಒಬ್ಬ ಸಜ್ಜನರು ಯಾವಾಗಲೂ ನಮ್ಮನ್ನು ಕಂಡ ಕೂಡಲೇ ಮುಖ ಸಿಂಡರಿಸಿ ಆ ಕಡೆ ತಿರುಗುತ್ತಿದ್ದರು. ಎಂಥ ತಿರುಗು! ಇಡೀ ಮೈ ತಿರುಗುತ್ತಿತ್ತು. ಅವರು ನನ್ನ ರೋಗಿಯಲ್ಲ. ಹಾಗಾಗಿ ಇನ್ನೊಬ್ಬರ ಹತ್ತಿರ ವಾಸಿಯಾದವರು ಎಂದುಕೊಂಡೆ. ಉಳಿದವರೂ ಹಾಗೇ ಎಂದುಕೊಂಡರು. ನಾವೆಲ್ಲ ಒಳಗೊಳಗೇ ಅವರ ಬಗ್ಗೆ ಹೆಮ್ಮೆಪಟ್ಟೆವು. ಕೊನೆಗೆ ಒಬ್ಬ ತಡೆಯಲಾರದೆ, “ದೊಡ್ಡಮ್ಮ, ಅವರು ನಿಮ್ಮ ಕೇಸೇ ಇರಬೇಕು. ಇಷ್ಟು ಚೆನ್ನಾಗಿ ವಾಸಿಯಾದವರನ್ನ ನಾನು ನೋಡೇ ಇಲ್ಲ,” ಎಂದ.

“ಕೇಸಲ್ಲ ಕಣೋ, ಅವನು ನನ್ನ ಮೈದುನ! ಮನೆ ಊಟದಲ್ಲಿ ಅವನು ಹಾಡೋಕೆ ಶುರುಮಾಡ್ದ, ಬೀದಿಗೆ ಕೇಳಿಸಬಾರದು ಅಂತ ನಾನು ಬಾಗಿಲು ಹಾಕಿಸ್ದೆ. ಅವತ್ತಿಂದ ಮಾತು ಬಿಟ್ಟಿದ್ದಾನೆ.”

ಮೇಷ್ಟ್ರ ತಮ್ಮ ಇಲ್ಲೇ ಎರಡನೆಯ ಸಾಲಿನಲ್ಲಿದ್ದಾರೆ. ನಮಸ್ಕಾರ ಸರ್. ಆಮೇಲೆ ಅತ್ತಿಗೆ ಹೋಗಿ ರಾಜಿ ಮಾಡಿಕೊಂಡರು, ಇವರು ಸಂತೋಷಕ್ಕೆ ಮತ್ತೆ ಹಾಡಿದರು, ಅತ್ತಿಗೆ ಪೂರ್ತಿ ಕೇಳಿದರು. “ಮನೋವೈದ್ಯರಿಗೆ ಕೇಳೋದು ಕಷ್ಟದ ಕೆಲಸ ಅಂತ ಅವತ್ತು ಗೊತ್ತಾಯ್ತು,” ಎಂದು ಬಂದು ಹೇಳಿದರು.

ಹೊಟ್ಟೆಕಿಚ್ಚು ದೊಡ್ಡಮ್ಮನಿಗೆ ಇರಲಿಲ್ಲ ಎಂದು ಇಲ್ಲಿ ಯಾರೋ ಹೇಳಿದರು. ಇತ್ತು! ಸ್ವಂತ ಮಗಳ ಮೇಲೇ ಇತ್ತು. ಮಗಳು ಹಲ್ಲಿನ ಡಾಕ್ಟರು. ತಾಯಿ ಮಗಳು ಒಟ್ಟಿಗೆ ಹೊರಟರೆ ದಾರಿಯಲ್ಲಿ ಜನ ಮಗಳಿಗೆ ಅಡ್ಡ ನಿಂತು ಬಾಯಿ ತೆರೆದು ತೋರಿಸುತ್ತಿದ್ದರಂತೆ — “ನೋಡಿ ಡಾಕ್ಟ್ರೇ, ನೀವು ಕಟ್ಟಿದ ಹಲ್ಲು, ಗಟ್ಟಿಯಾಗಿದೆ!” ಅಮ್ಮನನ್ನು ಕಂಡವರು ಓಣಿ ಹಿಡಿಯುತ್ತಿದ್ದರು. “ಇವಳಿಗೆ ಹಲ್ಲು ಕಿರೀತಾರೆ, ನನಗೆ ಬೆನ್ನು ತೋರಿಸ್ತಾರೆ,” ಎಂದು ನಗುತ್ತಾ ಹೇಳುತ್ತಿದ್ದರು.

ನಗುವುದಕ್ಕೆ ಆಗದ ದಿನಗಳೂ ಇದ್ದವು. ನಮ್ಮ ವಿಭಾಗದ ಕಿರಿಯ ವೈದ್ಯನೊಬ್ಬನ ರೋಗಿ ತೀರಿಕೊಂಡರು. ಹೇಗೆ ಎನ್ನುವುದು ಇಲ್ಲಿ ಬೇಡ; ನಮ್ಮ ಕೆಲಸದಲ್ಲಿ ನಾವು ಅತಿ ಹೆದರುವ ಸಾವು ಅದು. ಆತ ಕೋಣೆಯ ಚಿಲಕ ಹಾಕಿಕೊಂಡು ಕುಳಿತುಬಿಟ್ಟ. ದೊಡ್ಡಮ್ಮ ಬಾಗಿಲು ಬಡಿಯಲಿಲ್ಲ. ಕುರ್ಚಿ ತರಿಸಿ, ಕಾರಿಡಾರಿನಲ್ಲಿ, ಆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತರು. ಬಂದವರಿಗೆಲ್ಲ ಅಲ್ಲೇ ಸಹಿ, ಅಲ್ಲೇ ಬೈಗುಳ, ಅಲ್ಲೇ ಟೀ. ಒಳಗಿರುವವನಿಗೆ ಕೇಳಿಸಲಿ, ಹೊರಗೆ ಯಾರೋ ಇದ್ದಾರೆ ಎಂದು. ಆತ ಚಿಲಕ ತೆಗೆದಾಗ ಅವರು ಕೇಳಿದ್ದು, “ಊಟ ಮಾಡ್ತೀಯೇನೋ?” ಅಷ್ಟೇ. ಅವನ ರೋಗಿಗಳನ್ನೆಲ್ಲ ತಾವೇ ನೋಡಿದರು. ಸತ್ತವರ ಮನೆಗೆ ಅವನ ಜೊತೆ ತಾವೂ ಹೋದರು.

ಆ ವಾರ ನಾನು, “ಅವನನ್ನ ಮಾರ್ಕೆಟ್ಟಿಗೆ ಕರ್ಕೊಂಡು ಹೋಗೋಣ್ವಾ?” ಎಂದೆ. ತಲೆ ಅಲ್ಲಾಡಿಸಿದರು. “ಬೇಡ. ಅದು ಔಷಧಿ ಅಲ್ಲ ಕಣೇ, ಊಟ. ಜ್ವರ ಬಂದೋನಿಗೆ ಊಟ ತುರುಕಬಾರದು. ಅವನಿಗೆ ಈಗ ಬೇಕಾಗಿರೋದು ಡಾಕ್ಟರು.” ತಮಗೆ ಗೊತ್ತಿದ್ದ, ಬೇರೆ ಊರಿನ ಒಬ್ಬ ಮನೋವೈದ್ಯರ ಹತ್ತಿರ ಅವನನ್ನು ಕಳಿಸಿದರು. ಅವನು ಸಂಕೋಚದಿಂದ ಮುದುಡಿ ಹೋದಾಗ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದರು — ಇದನ್ನು ಮೇಷ್ಟ್ರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ — “ನಾನೂ ಅವರ ಹತ್ರಾನೇ ಹೋಗಿದ್ದು ಕಣೋ, ನಿನ್ನ ವಯಸ್ಸಲ್ಲಿ. ಈಗ ಕಾನ್ಫರೆನ್ಸಲ್ಲಿ ಅವರು ಎದುರಿಗೆ ಸಿಕ್ಕರೆ ಏನು ಮಾಡ್ತೀನಿ ಗೊತ್ತಾ? ಮುಖ ತಿರುಗಿಸ್ತೀನಿ!”

ಆ ಹುಡುಗ ಈಗ ಹಿರಿಯ ವೈದ್ಯ. ಈ ಸಭೆಗೆ ಮೈಕು ಕಟ್ಟಿಸಿದವನು ಅವನೇ. ಈ ಮಾತು ಹೇಳಬೇಕೆಂದು ನನ್ನ ಕೈಹಿಡಿದು ಕೇಳಿದವನೂ ಅವನೇ.

ಕೊನೆಯ ದಿನಗಳಲ್ಲಿ ದೊಡ್ಡಮ್ಮ ನಮ್ಮ ಆಸ್ಪತ್ರೆಯ ಹೃದಯದ ವಾರ್ಡಿನಲ್ಲೇ ಇದ್ದರು. ಮಾತಾಡಿದರೆ ದಮ್ಮು ಹತ್ತುತ್ತಿತ್ತು, ಆದರೂ ಬಿಡುತ್ತಿರಲಿಲ್ಲ. ಪಕ್ಕದ ಮಂಚದವರನ್ನು ನೋಡಲು ದಂಡು ದಂಡಾಗಿ ಜನ. ಅವರನ್ನೆಲ್ಲ ನೋಡುತ್ತಾ ನಾನು ಕೇಳಬಾರದ್ದನ್ನು ಕೇಳಿದೆ. “ದೊಡ್ಡಮ್ಮ, ಇಷ್ಟು ವರ್ಷ ಇಷ್ಟು ಜನರನ್ನ ನೋಡಿದ್ರಿ. ಒಬ್ಬರಾದ್ರೂ ಬಂದು ನಿಮ್ಮ ಎದುರಿಗೆ ನಿಲ್ಲಬೇಕಿತ್ತು ಅಂತ ಅನ್ನಿಸಲ್ವಾ?”

ಏನಾದರೂ ತಮಾಷೆ ಮಾಡಿ ಹಾರಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಮಾಡಲಿಲ್ಲ.

“ಅನ್ನಿಸುತ್ತೆ,” ಎಂದರು. “ಯಾಕೆ ಅನ್ನಿಸಲ್ಲ? ನಾನೇನು ಗೋಡೆನಾ? ಒಂದ್ಸಲ, ಒಂದೇ ಒಂದ್ಸಲ, ಎಲ್ಲರೂ ಬಂದು ಎದುರಿಗೆ ನಿಂತ್ಕೊಂಡ್ರೆ ಎಷ್ಟು ಚೆನ್ನಾಗಿರುತ್ತೆ! ಕಣ್ಣು ತುಂಬ ನೋಡಿಬಿಡ್ತಿದ್ದೆ. ಆದರೆ ಅವರು ಬರೋದನ್ನ ಊರು ನೋಡುತ್ತೆ ಕಣೇ. ನಾಳೆ ಅವರ ಮಗಳ ಮದುವೆಗೆ ತೊಂದರೆ, ಮಗನ ಕೆಲಸಕ್ಕೆ ತೊಂದರೆ. ನನ್ನ ಸಂತೋಷಕ್ಕೆ ಅವರಿಗೆ ಯಾಕೆ ತೊಂದರೆ? ಬೇಡ ಬಿಡು.”

“ಬಿಡು” ಎಂದವರು ಅವರು. ನನಗೆ ಬಿಡಲು ಆಗಿಲ್ಲ.

ಸ್ನೇಹಿತರೇ, ನೀವೆಲ್ಲ ಕುಳಿತಿರುವುದು ಬಾಗಿಲಿಗೆ ಬೆನ್ನು ಹಾಕಿ. ಹೊರಗೆ ಏನಿದೆ ಎಂದು ಈ ವೇದಿಕೆಯ ಮೇಲೆ ನಿಂತ ನನಗೆ ಮಾತ್ರ ಕಾಣುತ್ತಿದೆ. ರಸ್ತೆಯ ಆಚೆ ಬಸ್ ಸ್ಟಾಪ್ ಇದೆ. ಅಲ್ಲಿ ತುಂಬ ಜನ ನಿಂತಿದ್ದಾರೆ. ನಾನು ಮಾತು ಶುರುಮಾಡಿದಾಗಿನಿಂದ ಬಸ್ಸುಗಳು ಬರುತ್ತಿವೆ, ನಿಲ್ಲುತ್ತಿವೆ, ಹೋಗುತ್ತಿವೆ. ಯಾರೂ ಹತ್ತುತ್ತಿಲ್ಲ.

— ದಯವಿಟ್ಟು, ಯಾರೂ ತಿರುಗಿ ನೋಡಬೇಡಿ.

ಹೊರಗೂ ಒಂದು ಸ್ಪೀಕರ್ ಕಟ್ಟಿಸಿದ್ದೇವೆ. ನನ್ನ ಮಾತು ಅಲ್ಲಿಗೆ ಕೇಳಿಸುತ್ತಿದೆ. ಬಸ್ಸಿಗೆ ಕಾಯುತ್ತಿರುವವರಿಗೆ ಒಂದು ವಿಷಯ ತಿಳಿಸಬೇಕು. ದೊಡ್ಡಮ್ಮನ ಭಾವಚಿತ್ರವನ್ನು ನಾವು ವೇದಿಕೆಯ ಮೇಲೆ ಇಟ್ಟಿಲ್ಲ. ಬಾಗಿಲ ಒಳಗೆ, ಸಭೆಯ ಹಿಂದೆ ಇಟ್ಟಿದ್ದೇವೆ. ಮೇಷ್ಟ್ರೇ ಬರೆದ ಚಿತ್ರ, ನಗುತ್ತಿರುವ ಚಿತ್ರ. ಅದರ ಪಕ್ಕ ಬುಟ್ಟಿಯಲ್ಲಿ ಹೂವಿದೆ. ಹೆಸರು ಬರೆಯುವ ಪುಸ್ತಕ ಇಲ್ಲ. ಬಾಗಿಲಲ್ಲಿ ಯಾರೂ ನಿಂತಿಲ್ಲ. ಫೋಟೋ ತೆಗೆಯುವವರನ್ನು ಮುಂದೆ ಕೂರಿಸಿಕೊಂಡಿದ್ದೇವೆ.

ಈಗ ನಾವೆಲ್ಲ ದೊಡ್ಡಮ್ಮನಿಗಾಗಿ ಎದ್ದು ನಿಲ್ಲೋಣ. ಈಗ ಕುಳಿತಿರುವ ಹಾಗೆಯೇ, ಮುಖ ಈ ಕಡೆ ಇರಲಿ. ನಾನೂ ಗೋಡೆಯ ಕಡೆಗೆ ತಿರುಗಿ ನಿಲ್ಲುತ್ತೇನೆ. ಒಂದು ನಿಮಿಷದ ಮೌನ ಸಾಲುವುದಿಲ್ಲ. ಹಿಂದೆ ಹೆಜ್ಜೆ ಸಪ್ಪಳ ಕೇಳಿಸಿದರೆ ಕೇಳಿಸಲಿ, ಅದು ಪೂರ್ತಿ ನಿಲ್ಲುವವರೆಗೆ ಯಾರೂ ಅಲುಗಾಡದೆ ಇರೋಣ.

ಬನ್ನಿ. ನಿಧಾನವಾಗಿ ಬನ್ನಿ. ಅವರ ಎದುರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಲ್ಲಿ. ಇವತ್ತು ಮುಖ ತಿರುಗಿಸುವ ಸರದಿ ನಮ್ಮದು.

ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರುತ್ತೇನೆ.